ಹಸಿರು ಕಾರ್ಡಿನ ಸೇಡು

"ಮಹಾದೇವಿ ಹಸಿರು," ಎಂದ ಗುರುನಾಥ.

ಅಷ್ಟಕ್ಕೇ ಬಿಡದೆ ಮುಗುಳ್ನಕ್ಕ ಬೇರೆ. ಆ ನಗೆಯೊಂದು ಇಲ್ಲದಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳೇನೋ.

ಜೆಬೆಲ್ ಅಲಿ ಬಂದರಿನ ಗೋದಾಮೊಂದರ ಮೇಲಂತಸ್ತಿನಲ್ಲಿ ಅವರ ಆಫೀಸು. ಹಿಂದಿನ ವಾರ ಕಂಪನಿ ಎಲ್ಲರಿಗೂ ಸ್ವಭಾವ ಪರೀಕ್ಷೆ ಮಾಡಿಸಿತ್ತು. ಕಂಪ್ಯೂಟರಿನಲ್ಲಿ ಇಪ್ಪತ್ತು ಪ್ರಶ್ನೆ, ಕೊನೆಗೊಂದು ಬಣ್ಣದ ಕಾರ್ಡು. ಮಂಗಳೂರಿನ ಕಾನ್ರಾಡ್‌ಗೆ ಹಳದಿ, ಮಾತುಗಾರ. ಉಳ್ಳಾಲದ ರಸೀನಾಗೆ ಕೆಂಪು, ಜಗಳಗಂಟಿ. ಬಾಗಲಕೋಟೆಯ ಮಹಾದೇವಿಗೆ ಹಸಿರು: ಎದುರು ಮಾತಾಡುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ, ಮುಂದಾಳತ್ವ ಕೊಟ್ಟರೆ ನಲುಗುತ್ತಾರೆ.

"ಹಾಗಾಗಿ ಅಬುಧಾಬಿ ಪ್ರಾಜೆಕ್ಟನ್ನು ಕಾನ್ರಾಡ್ ನಡೆಸಲಿ," ಎಂದ ಗುರುನಾಥ. "ಮಹಾದೇವಿಯವರೇ, ನೀವು ಪೇಪರ್ಸ್ ನೋಡ್ಕೊಂಡ್ರೆ ಸಾಕು. ಟೆನ್ಶನ್ ಇರಲ್ಲ."

ಅಲ್ ರೀಮ್ ಐಲ್ಯಾಂಡಿನ ಗೋಪುರವೊಂದರ ಹದಿನಾಲ್ಕನೇ ಮಹಡಿಗೆ ಇಡೀ ಕ್ಲಿನಿಕ್ಕಿನ ಯಂತ್ರಗಳನ್ನು ಸಾಗಿಸುವ ಕೆಲಸವದು. ಐದು ತಿಂಗಳು ಕೂತು ಅದರ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟವಳು ಮಹಾದೇವಿ. ಅದು ದಡ ಸೇರಿದರೆ ನಾಲ್ಕು ವರ್ಷದ ಪೇಪರ್ ಡೆಸ್ಕಿನಿಂದ ಅವಳಿಗೆ ಬಿಡುಗಡೆ.

ಇನ್ನೊಂದು ಉರಿಯನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಮೈಸೂರಿನ ಈ ಮ್ಯಾನೇಜರ್ ಬಂದು ಮೂರು ತಿಂಗಳು. ಅವಳು ಫೋನಿನಲ್ಲಿ ಕಸ್ಟಮ್ಸಿನವರ ಜೊತೆ ವಾದಿಸುವಾಗ ಅವನ ಕೋಣೆಯ ಗಾಜಿನಾಚೆ ಪೆನ್ನು ನಿಂತುಬಿಡುತ್ತಿತ್ತು. ಅವಳು ತಲೆಯೆತ್ತಿದರೆ ಮತ್ತೆ ಓಡುತ್ತಿತ್ತು. ಸಂಜೆ ನಾಲ್ಕಕ್ಕೆ ಅವಳ ಮೇಜಿನ ಮೇಲೊಂದು ಕರಕ್ ಚಹಾ ತಾನಾಗಿ ಬಂದು ಕೂರುತ್ತಿತ್ತು. ಇಷ್ಟು ನೋಡಿದವನು ಕಂಡದ್ದು ಇಷ್ಟೇ ಏನು?

ಅಜ್ಜಿ ಹೇಳುತ್ತಿದ್ದ ಕಥೆಗಳ ರಾಣಿಯರು ಅವಮಾನವಾದ ದಿನ ಅಳುತ್ತಿರಲಿಲ್ಲ. ತಲೆ ಬಾಚಿ, ಹೂ ಮುಡಿದು, ನಗುತ್ತ ಸೇಡಿಗೆ ಕೂರುತ್ತಿದ್ದರು. ಮಹಾದೇವಿಯೂ ನಕ್ಕಳು.

"ಆತ್ರಿ ಸರ್," ಎಂದಳು.

ಆವತ್ತಿನಿಂದ ಅವಳ ಬಾಯಲ್ಲಿ ಅದೊಂದೇ ಮಾತು. ಕಾರ್ಡು ಹೇಳಿದಂತೆಯೇ ಆಗಿಬಿಟ್ಟಳು.

"ಈ ಬಿಲ್ಲು ಇವತ್ತೇ ಹೋಗಲಿ."

"ಆತ್ರಿ ಸರ್."

"ಚಹಾ ಆರ್ತಾ ಇದೆ, ಕುಡೀರಿ."

"ಆತ್ರಿ ಸರ್." ಕುಡಿಯಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುವುದನ್ನು ಗಾಜಿನಾಚೆಯಿಂದ ಅವನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಎದೆಯಲ್ಲೆಲ್ಲೋ ಚುರುಕ್ ಎಂದರೂ ಒಳಗೊಳಗೇ ಹಿತವಾಯಿತು.

"ಎಂಥದು ಮಾರಾಯ್ತಿ," ಎಂದ ಕಾನ್ರಾಡ್, "ಬ್ಯಾಟರಿ ಡೌನಾ ನಿಂದು? ನೀನು ಬೈಯದಿದ್ರೆ ನಂಗೆ ಊಟ ಸೇರುದಿಲ್ಲ."

ಸೋಮವಾರದ ಮೀಟಿಂಗಿನಲ್ಲಿ ಗುರುನಾಥ ಕೇಳಿದ: "ನಾಳೆ ಹತ್ತಕ್ಕೆ ಲಾರಿ ಅಲ್ಲಿರುತ್ತೆ. ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಕೇಳಿದ್ದು ಎಲ್ಲರನ್ನು, ಕಣ್ಣು ನೆಟ್ಟಿದ್ದು ಅವಳೊಬ್ಬಳ ಮೇಲೆ.

ಅವಳಿಗೆ ಹೇಳುವುದಿತ್ತು. ಆ ಗೋಪುರದಲ್ಲಿ ಸಾಮಾನಿನ ಲಿಫ್ಟು ಬೇಕಾದರೆ ಮೂರು ದಿನ ಮೊದಲೇ ಪರ್ಮಿಟ್ ತೆಗೆದುಕೊಳ್ಳಬೇಕು. ಕಾನ್ರಾಡ್ ಅದನ್ನು ಮರೆತಿದ್ದ.

"ಇಲ್ಲರಿ ಸರ್," ಎಂದಳು, ಕಣ್ಣು ಮಿಟುಕಿಸದೆ.

ಮಂಗಳವಾರ ಹತ್ತಕ್ಕೆ ಲಾರಿ ಗೋಪುರದ ಹಿಂಬಾಗಿಲಿಗೆ ಬಂತು. ಕಾವಲಿನ ಅರ್ಶದ್ ಕಾಗದಗಳನ್ನೆಲ್ಲ ತಿರುವಿ ಹಾಕಿ ಕೈಯಾಡಿಸಿದ. "ಪರ್ಮಿಟ್ ಮಾಫಿ? ಲಿಫ್ಟ್ ಭೀ ಮಾಫಿ." ಪರ್ಮಿಟ್ ಇಲ್ಲವೆಂದರೆ ಲಿಫ್ಟೂ ಇಲ್ಲ.

ಜುಲೈ ತಿಂಗಳ ಬಿಸಿಲು. ಗುರುನಾಥ ಫೋನು ಹಿಡಿದು ಓಡಾಡಿದ. ಅವನ ಅಂಗಿ ಬೆನ್ನಿಗೆ ಅಂಟಿತು. ಕ್ಲಿನಿಕ್ಕಿನ ಡಾಕ್ಟರ್ ಸುಮಿತ್ರಾ ಕೆಳಗಿಳಿದು ಬಂದು ಎಲ್ಲರೆದುರು ಅವನ ನೀರಿಳಿಸಿದರು. "ಒಂದು ಲಿಫ್ಟು ಕೇಳೋಕೆ ಬರಲ್ವಾ ನಿಮ್ಮ ಕಂಪನಿಗೆ? ಗುರುವಾರ ನನ್ನ ಓಪನಿಂಗು."

ಮಹಾದೇವಿ ನೆರಳಿನಲ್ಲಿ ನಿಂತು ಪ್ರತಿ ಮಾತನ್ನೂ ಸವಿದಳು.

"ತಪ್ಪು ನಂದೇ ಮೇಡಂ," ಎಂದ ಅವನು. ಪಕ್ಕದಲ್ಲೇ ಮುಖ ಬಾಡಿಸಿಕೊಂಡಿದ್ದ ಕಾನ್ರಾಡನ ಹೆಸರು ಎತ್ತಲಿಲ್ಲ. ಅಲ್ಲಿ ಮಾತ್ರ ಅವಳಿಗೆ ರುಚಿ ಕೆಟ್ಟಿತು.

ಅವನು ತಿರುಗಿ ಅವಳ ಹತ್ತಿರ ಬಂದ. ರೆಪ್ಪೆಯ ಮೇಲೂ ಬೆವರು. "ಮಹಾದೇವಿ, ನಿಮಗೇನಾದ್ರೂ ದಾರಿ ಗೊತ್ತಾ?"

"ಕೇಳಿದ್ರಲ್ಲ, ಹೇಳ್ತೀನಿ," ಎಂದು ಅವಳು ಬ್ಯಾಗಿನಿಂದ ಕಾಗದ ತೆಗೆದಳು. ಹತ್ತರಿಂದ ಎರಡರವರೆಗೆ ಲಿಫ್ಟಿನ ಪರ್ಮಿಟ್, ಮಹಾದೇವಿಯ ಹೆಸರಿನಲ್ಲೇ. ಐದು ದಿನದ ಹಿಂದೆಯೇ ಮಾಡಿಸಿದ್ದು. ಐದು ತಿಂಗಳ ಕೆಲಸವನ್ನು ಸೇಡಿಗಾಗಿಯೂ ಅವಳು ಕೆಡಿಸಲಾರಳು.

ಆಮೇಲೆ ಆ ಹಿಂಬಾಗಿಲಿನಲ್ಲಿ ಕೇಳಿದ್ದು ಅವಳ ಗಂಟಲೊಂದೇ. "ಯಲ್ಲಾ, ಪೆಹಲೇ ಬಡಾ ವಾಲಾ," ಎಂದು ಲೋಡರ್‌ಗಳಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ಮೊದಲು ತೋರಿಸಿದಳು. " ಕಾನ್ರಾಡ್, ನೀ ಮ್ಯಾಲ ಹೋಗಿ ಡಾಕ್ಟರಿಗೆ ಮಾತಾಡಿಸ್ಕೋತ ಇರು. ಸರ್, ನೀವು ಲಿಫ್ಟಿನ ಬಾಗಲಾ ಹಿಡ್ಕೊಂಡು ನಿಂದರ್ರಿ."

"ಎಷ್ಟು ಹೊತ್ತು?"

"ನಾ ಹೇಳೂತನಕ."

ಎರಡಕ್ಕೆ ಐದು ನಿಮಿಷವಿರುವಾಗ ಕೊನೆಯ ಪೆಟ್ಟಿಗೆ ಮೇಲೇರಿತು. ಅವನು ತಣ್ಣನೆಯ ಲಬಾನ್ ಮಜ್ಜಿಗೆಯ ಬಾಟಲಿ ತಂದು ಅವಳ ಮುಂದೆ ಹಿಡಿದ.

"ನಲವತ್ತು ನಿಮಿಷ ನಾನು ಬೇಯ್ತಾ ಇದ್ದೆ. ಪರ್ಮಿಟ್ ನಿಮ್ಮ ಬ್ಯಾಗಲ್ಲೇ ಇತ್ತು."

"ಪರ್ಮಿಟ್ ಬೇಕು ಅನ್ನೋದು ನನ್ನ ಫೈಲಿನ ಹನ್ನೊಂದನೇ ಪುಟದಾಗ ಇತ್ತು. ನೀವು ಫೈಲ್ ಓದಲಿಲ್ಲ, ಕಾರ್ಡ್ ಓದಿದ್ರಿ. ರಸೀನಾ ಜಗಳಗಂಟಿ ಅಂತ್ರಿ? ಆಕಿ ಜಗಳಾಡೋದು ಲೋಡರ್‌ಗಳಿಗೆ ನೀರು ಬರದಿದ್ದಾಗ ಅಷ್ಟ. ಕಾನ್ರಾಡ್ ಮಾತಾಡ್ತಾನ ಖರೆ, ಫಾರ್ಮ್ ಕಂಡ್ರ ಅವನ ಕೈ ನಡಗತಾವ. ಮೂರು ತಿಂಗಳಾತು, ಏನು ನೋಡಿದ್ರಿ?"

"ಆ ಪರೀಕ್ಷೆಯ ಉತ್ತರ ಬರೆದಿದ್ದು ನೀವೇ ಅಲ್ವಾ," ಎಂದ ಅವನು ಮೆಲ್ಲಗೆ. "ಸಭೆಯಲ್ಲಿ ಮಾತಾಡ್ತೀರಾ? ಇಲ್ಲ. ಬೇರೆಯವರಿಗಿಂತ ಚೆನ್ನಾಗಿ ಕೆಲಸ ಮಾಡ್ತೀರಾ? ಇಲ್ಲ."

ಹೌದು, ಬರೆದಿದ್ದಳು. ಕನ್ಯೆ ನೋಡಲು ಬಂದವರು ಕೇಳಿದಾಗ, ಐವತ್ತು ಮಂದಿಗೆ ಅಡುಗೆ ಮಾಡಬಲ್ಲ ಹುಡುಗಿಯೂ "ಅಷ್ಟೇನೂ ಬರಂಗಿಲ್ರಿ" ಎನ್ನಬೇಕೆಂದು ಅಜ್ಜಿ ಕಲಿಸಿದ್ದಳು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಅವರ ಮನೆಯಲ್ಲಿ ಇರಲಿಲ್ಲ. ಕಂಪ್ಯೂಟರಿನ ಮುಂದೆಯೂ ಅವಳು ಹಾಗೇ ತಲೆ ತಗ್ಗಿಸಿ ಕೂತಿದ್ದಳು.

"ಆದರೂ ತಪ್ಪು ನಂದೇ," ಎಂದ ಅವನು. "ಕಣ್ಣು ಬೇರೆ ಹೇಳ್ತಿತ್ತು, ನಾನು ನಂಬಲಿಲ್ಲ. ನಿಮ್ಮ ವಿಷಯದಲ್ಲಿ ನನ್ನ ಕಣ್ಣಿಗೆ ನ್ಯಾಯ ಗೊತ್ತಿಲ್ಲ, ಮಹಾದೇವಿ. ಇಷ್ಟಪಟ್ಟವಳಿಗೆ ಪ್ರಾಜೆಕ್ಟ್ ಕೊಟ್ಟ ಅಂತಾರೆ ಅನ್ನೋ ಭಯಕ್ಕೆ ಕಾಗದದ ಹಿಂದೆ ಅಡಗಿಕೊಂಡೆ."

ಹದಿನೈದು ದಿನ ಕಾದಿದ್ದ ಸಿಟ್ಟು ಕಾಲು ಜಾರಿತು. ಅದನ್ನು ರಟ್ಟೆ ಹಿಡಿದು ನಿಲ್ಲಿಸಿಕೊಂಡಳು.

"ಅಂದ್ರ, ಅಂಜಿಕಿ ನಿಮಗ, ಶಿಕ್ಷಾ ನನಗ."

"ಹೌದು. ಏನು ಮಾಡ್ಲಿ, ಹೇಳಿ."

"ನಾಳೆ ಮೀಟಿಂಗಿನಾಗ ಎಲ್ಲಾರ ಮುಂದ ತಪ್ಪಾತು ಅನ್ರಿ. ಪ್ರಾಜೆಕ್ಟ್ ನನ್ನ ಹೆಸರಿಗೆ ಬರೀರಿ."

"ಇವತ್ತೇ ಬರೀತೀನಿ. ಮತ್ತೆ... ಇನ್ನೊಂದು ಮಾತು ಹೇಳಿದ್ನಲ್ಲ?"

ಅವನ ಕಿವಿಯ ತುದಿ ಕೆಂಪಾಗಿತ್ತು. ಬಿಸಿಲಿಗಲ್ಲ. ಅವಳು ಅದನ್ನು ಕಣ್ತುಂಬ ನೋಡಿದಳು, ಅವಸರವಿಲ್ಲದೆ.

"ಅದಕ್ಕ ನನ್ನ ಮ್ಯಾನೇಜರಿಗೆ ಉತ್ತರ ಕೊಡಂಗಿಲ್ಲ. ನಮ್ಮ ದೇರಾ ಆಫೀಸಿನಾಗ ಒಂದು ಕುರ್ಚಿ ಖಾಲಿ ಐತಿ. ಅಲ್ಲಿಗೆ ಹೋಗ್ರಿ. ಆಮೇಲೆ ಶನಿವಾರಕ್ಕೊಮ್ಮೆ ಬಂದು ಕೇಳ್ರಿ."

"ದೇರಾದಿಂದ ಜೆಬೆಲ್ ಅಲಿಗೆ ಟ್ರಾಫಿಕ್ ಎಷ್ಟಿರುತ್ತೆ ಗೊತ್ತಾ?"

"ಗೊತ್ತೈತಿ," ಎಂದಳು ಮಹಾದೇವಿ, ಅವನ ಕೈಯಿಂದ ಲಬಾನ್ ತೆಗೆದುಕೊಳ್ಳುತ್ತ. "ಅದಕ್ಕ ಹೇಳಿದ್ದು."