ಬಿಚ್ಚಬಾರದ ಮಷೀನು

"ಮೋಟಾರಿಗೆ ಹೊಡೀಬೇಡಿ... ಪಕ್ಕಕ್ಕೆ ಹೊಡ್ಕೊಳ್ಳಿ. ಮೋಟಾರು ಬೇಕಾಗ್ತದೆ."

ಹಾರೆ ಎತ್ತಿದ್ದ ಸುನಂದಳ ಕೈ ಗಾಳಿಯಲ್ಲೇ ನಿಂತಿತು.

ಮುಳಬಾಗಿಲಿನ ಆ ಹಿತ್ತಿಲಲ್ಲಿ ಬೆಳಗಿನ ಎಂಟು ಗಂಟೆಗೇ ಯುದ್ಧ ನಡೆದುಹೋಗಿತ್ತು. ಹೊಸ ವಾಷಿಂಗ್ ಮಷೀನಿನ ಮುಚ್ಚಳ ಚೂರುಚೂರಾಗಿ ಚಪ್ಪಡಿಯ ಮೇಲೆ ಬಿದ್ದಿತ್ತು. ಅವಳ ಅಂಗೈ ಸೀಳಿ, ಹಾರೆಯ ಉದ್ದಕ್ಕೂ ರಕ್ತ ಇಳಿಯುತ್ತಿತ್ತು. ಬಾಗಿಲಲ್ಲಿ ಟೂಲ್ ಬ್ಯಾಗ್ ಹಿಡಿದು ನಿಂತವನು ಅಮರನಾಥ್, ಬಸ್ ಸ್ಟ್ಯಾಂಡ್ ಪಕ್ಕದ ರಿಪೇರಿ ಅಂಗಡಿಯವನು. ಅವಳೇ ಹೇಳಿಕಳಿಸಿ ಕರೆಸಿದ್ದಳು.

ನಾಚಿಕೆಯಾಗುವ ಬದಲು ಅವಳಿಗೆ ಕೋಪ ಬಂತು. ಇನ್ನೊಬ್ಬ ಗಂಡಸು... ಇನ್ನೊಂದು ಬುದ್ಧಿಮಾತು.

"ಹತ್ತಿರ ಬಂದ್ರೆ ನಿಮಗೂ ಬೀಳ್ತದೆ."

"ಬೀಳ್ಲಿ ಬಿಡಿ. ಮೊದಲು ಕೈಗೆ ಬಟ್ಟೆ ಕಟ್ಕೊಳ್ಳಿ."

ಹೆಗಲ ಮೇಲಿನ ಟವೆಲನ್ನು ಒಗೆಯುವ ಕಲ್ಲಿನ ಮೇಲಿಟ್ಟು ಅವನು ಎರಡು ಹೆಜ್ಜೆ ಹಿಂದೆ ಸರಿದ. ಮೇಲೇರಿ ಬರುವ ಗಂಡಸನ್ನೇ ಕಂಡಿದ್ದ ಸುನಂದ, ಹಿಂದೆ ಸರಿದು ನಿಲ್ಲುವವನನ್ನು ಅಂದೇ ಮೊದಲು ಕಂಡಳು. ಹಾರೆ ತಾನಾಗಿಯೇ ಕೆಳಗಿಳಿಯಿತು.

"ಏನ್ ಮಾಡಬೇಕಿತ್ತು?" ಎಂದು ಕೇಳಿದ.

ಅವಳು ಕೊಟ್ಟಿಗೆಯ ಮೂಲೆಯ ಗೋಣಿತಾಟು ಎಳೆದಳು. ಒಳಗಿದ್ದದ್ದು ದುಂಡನೆಯ ಹಸಿರು ತೊಟ್ಟಿ, ಕೆಳಗೆ ನಾಲ್ಕು ಕಾಲು, ಮೇಲೆ ಬಟ್ಟೆ ಹಿಂಡುವ ಎರಡು ರಬ್ಬರ್ ರೋಲರ್. ಅಪ್ಪ ಮುನಿರಾಮಪ್ಪ ಕೆ.ಜಿ.ಎಫ್.ನಲ್ಲಿ ಗಣಿ ಸಾಹೇಬರ ಬಂಗಲೆಯ ಬಟ್ಟೆ ಒಗೆಯುತ್ತಿದ್ದವನು. ಸಾಹೇಬರು ಊರು ಬಿಟ್ಟಾಗ ಹರಾಜಿನಲ್ಲಿ ಹಿಡಿದು ತಂದ ಹಳೇ ವಾಷಿಂಗ್ ಮಷೀನು ಇದು. ಹತ್ತು ವರ್ಷದ ಸುನಂದಳಿಗೆ ಅಪ್ಪ ಮೊದಲು ಕಲಿಸಿದ್ದು ರೋಲರ್ ಮೇಲಿನ ಕೆಂಪು ಪಟ್ಟಿಯನ್ನು. "ಬೆರಳು ಸಿಕ್ಕಿದ್ರೆ ಎಳೀಬೇಡ ಮಗಾ. ಈ ಪಟ್ಟಿಗೆ ಗುದ್ದು, ಬಿಟ್ಕೊಳ್ತದೆ." ಆರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವರ್ಷವೇ ಅದರ ಮೋಟಾರೂ ಸುಟ್ಟುಹೋಗಿತ್ತು.

"ಹೊಸದರ ಮೋಟಾರು ಕಿತ್ತು ಇದಕ್ಕೆ ಹಾಕಿ. ಛತ್ರದವರು ಬೆಡ್‌ಶೀಟು ಒಗೆಯೋ ಕೆಲಸ ಕೊಡ್ತೀನಿ ಅಂದಿದ್ದಾರೆ."

"ಹೊಸದೇ ಓಡ್ತದಲ್ಲ?"

"ಅದರ ಸದ್ದು ನಂಗಾಗಲ್ಲ."

ಅಮರನಾಥ್ ಹೊಸದರ ಸುತ್ತ ಒಂದು ಸುತ್ತು ಬಂದ. ಪಕ್ಕದ ತಗಡಿನಲ್ಲಿ ತೆಂಗಿನಕಾಯಿ ಗಾತ್ರದ ತಗ್ಗು ಕಂಡಿತು. ಬೆರಳಿಟ್ಟು ನೋಡಿದ.

"ಇದು ಹಾರೆ ಏಟಲ್ಲ. ಹಳೇದು. ಏನು ಬಡೀತು?"

"ನನ್ನ ತಲೆ."

ಅವನ ಬೆರಳು ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಬಂತು. ಆಗಲೇ ಅವಳ ಕಿವಿಯ ಮೇಲಿನ ಗಾಯದ ಗೆರೆ ಅವನಿಗೆ ಕಂಡದ್ದು. ಅಯ್ಯೋ ಪಾಪ ಎನ್ನಲಿಲ್ಲ.

ಅವಳ ಮದುವೆಯಲ್ಲಿ ತವರಿನವರು ಕೊಟ್ಟು, ಮಾಲೂರಿನ ಗಂಡ ವಂಶಿಕೃಷ್ಣನ ಮನೆಗೆ ಹೋದ ಮಷೀನು ಅದು. ಹೆಂಡತಿಯ ಕೂಗು ಬೀದಿಗೆ ಕೇಳಬಾರದೆಂದು ಅವನು ಮೊದಲು ಮಷೀನು ಓಡಿಸುತ್ತಿದ್ದ, ಆಮೇಲೆ ಬೆಲ್ಟ್ ಬಿಚ್ಚುತ್ತಿದ್ದ. ಎರಡು ವರ್ಷ ತಡೆದು, ತಲೆಗೆ ಹೊಲಿಗೆ ಬಿದ್ದ ಮೇಲೆ ಅವಳು ತವರಿಗೆ ಬಂದಳು. ಹಿರಿಯರು ಕೂತು ಮಾತಾಡಿದರು. ಕೊಟ್ಟ ಸಾಮಾನೆಲ್ಲ ಅವಳ ಜೊತೆ ವಾಪಸ್ ಬಂತು, ಆದರೆ ಒಂದು ಕಟ್ಟಳೆಯ ಮೇಲೆ. ವರ್ಷದವರೆಗೆ ಸಾಮಾನು ಹಾಗೇ ಇರಬೇಕು. ಗಂಡ ಬಂದು ಕರೆದರೆ ಹೆಣ್ಣು, ಸಾಮಾನು ಒಟ್ಟಿಗೇ ಹೋಗಬೇಕು. ಹೆಣ್ಣಿನ ಕಡೆಯವರು ಒಂದೇ ಒಂದು ಸಾಮಾನು ಬಿಚ್ಚಿದರೂ ಸಂಬಂಧ ಕಡಿದ ಹಾಗೆ.

"ಬರೋ ಭಾನುವಾರಕ್ಕೆ ವರ್ಷ ತುಂಬ್ತದೆ," ಎಂದಳು ಸುನಂದ. "ಅಣ್ಣ ಕಳಿಸೇ ಕಳಿಸ್ತಾನೆ. ಹೋದ್ರೆ ನಾನು ಉಳಿಯಲ್ಲ. ಅದಕ್ಕೇ ಬಿಚ್ಚಬೇಕು."

ಅಮರನಾಥ್ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದ.

"ಹಾರೇಲಿ ಒಡೆದ್ರೆ, ಹುಡುಗಿಗೆ ಕೋಪ ಬಂದಿತ್ತು ಅಂದ್ಬಿಡ್ತಾರೆ. ಸ್ಕ್ರೂ ಬಿಚ್ಚಿ ತೆಗೆದ್ರೆ ಹಂಗನ್ನೋಕಾಗಲ್ಲ."

ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟ. ಮೊದಲ ಸ್ಕ್ರೂ ಅವಳೇ ಬಿಚ್ಚಿದಳು.

ಅಣ್ಣ ನರಸಿಂಹಪ್ಪ ಕೋಲಾರದ ಟೊಮೇಟೊ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಎರಡೂ ಮಷೀನು ಲಗೇಜ್ ಆಟೋದಲ್ಲಿ ಅಂಗಡಿ ಸೇರಿದ್ದವು.

ಮುಂದಿನ ಮೂರು ದಿನ ಸುನಂದ ಅಂಗಡಿಗೆ ಹೋದಳು. ಹೊಸ ಮೋಟಾರು ಎರಡೂ ಕಡೆ ತಿರುಗುವಂಥದ್ದು, ಹಳೆಯ ಗೇರಿಗೆ ಒಂದೇ ಕಡೆ ಸಾಕು. ಹೊಸದರ ರಾಟೆ ಹಾಕಿದರೆ ವೇಗ ಹೆಚ್ಚಾಗಿ ಬಟ್ಟೆ ಹರಿಯುತ್ತದೆ. ಹಳೆಯ ರಾಟೆಯನ್ನೇ ಹೊಸ ಮೋಟಾರಿಗೆ ಕೂರಿಸಲು ಅವನು ಕೋಲಾರದ ಲೇತ್‌ಗೆ ಹೋಗಿ ರಾಟೆಯ ತೂತಿಗೆ ಹಾಕುವ ಒಳಬಳೆ ಕಡೆಸಿಕೊಂಡು ಬಂದ. ಅವಳು ಬೆಲ್ಟ್ ಎಳೆದು ಹಿಡಿದಳು, ಅವನು ನಟ್ಟು ಬಿಗಿದ.

"ಇನ್ನೂ ಎಳೀರಿ... ಸಾಕು. ಜಾಸ್ತಿ ಬಿಗಿದ್ರೆ ಕಿತ್ತೋಗ್ತದೆ."

"ಬೆಲ್ಟ್ ಅಂದ್ರೇನೇ ನಂಗೆ ಭಯ."

"ಇದು ಹೊಡೆಯೋದಲ್ಲ. ತಿರುಗಿಸೋದು."

ಅವಳಿಗೆ ನಗು ಬಂತು. ವರ್ಷದಿಂದ ಬಾರದ ನಗು, ಈ ಗ್ರೀಸ್ ವಾಸನೆಯ ಅಂಗಡಿಯಲ್ಲಿ... 'ಇವನ ಪಕ್ಕದಲ್ಲಿ ಕೂತರೆ ನನಗೆ ಬೆನ್ನು ಕಾಯಬೇಕು ಅನ್ನಿಸೋದೇ ಇಲ್ಲವಲ್ಲ,' ಎಂದುಕೊಂಡಳು.

ಹಿತ್ತಿಲ ಕಡೆ ಹಾಯದ ನರಸಿಂಹಪ್ಪನಿಗೆ ನಾಲ್ಕನೆಯ ದಿನ ಸುದ್ದಿ ಮುಟ್ಟಿತು.

ಅವನು ಮನೆಗೆ ಬಂದಾಗ ಅಂಗಿಯ ತೋಳಿನ ಮೇಲೆ ರಕ್ತವಿತ್ತು. ಅವನದಲ್ಲ. ಅಂಗಡಿಯ ಗಾಜು ಒಡೆದು, ಅಲ್ಲೇ ಬಿದ್ದಿದ್ದ ಸ್ಪ್ಯಾನರಿನಿಂದ ಅಮರನಾಥನ ಹಣೆ ಸೀಳಿ ಬಂದಿದ್ದ.

"ಭಾನುವಾರ ಹೊಸ ಮಷೀನು ಮೊದಲಿನ ಹಂಗೇ ತಂದು ನಿಲ್ಲಿಸ್ತೀನಿ ಅಂದ. ಒಪ್ಕೊಂಡ," ಎಂದ ಅಣ್ಣ. "ನೀನು ಮನೆ ಬಿಟ್ಟು ಕದಲಿದ್ರೆ ಕಾಲು ಮುರೀತೀನಿ ಕಣೇ."

"ಆ ಮನೆಗೆ ಹೋದ್ರೆ ಅವನು ನನ್ನ ಸಾಯಿಸ್ತಾನೆ ಅಣ್ಣಾ."

"ಬಚ್ಚಲಲ್ಲಿ ಜಾರಿ ಬಿದ್ದಿದ್ದಕ್ಕೆ ಭಾವನ ಮೇಲೆ ಯಾಕೆ ಹೇಳ್ತೀಯ."

ಕೋಣೆಯ ಚಿಲಕ ಬಿತ್ತು. ಶನಿವಾರ ಅಮ್ಮ ಮುನಿಶಾಮಮ್ಮ ಊಟದ ತಟ್ಟೆ ತಂದಾಗ ಮೆಲ್ಲಗೆ ಹೇಳಿದಳು. "ಅಂಗಡಿ ಮುಂದೆ ಹಾದು ಬಂದೆ ಬಿಡ್ಡಾ. ಹೊಸ ಮಷೀನು ಫಳಫಳ ಅಂತದೆ. ಮುಚ್ಚಳನೂ ಹಾಕವನೆ. ಆ ತಗ್ಗೂ ಇಲ್ಲ."

ಸುನಂದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

'ತಗ್ಗನ್ನೂ ಅಳಿಸಿಬಿಟ್ಟನೇ... ಒಂದೇಟಿಗೆ ಸೋತುಹೋದನೇ? ನನಗಿದ್ದ ಒಂದೇ ಸಾಕ್ಷಿಯದು...' ಗಂಡನ ಮನೆ ಬಿಟ್ಟು ಬಂದ ದಿನವೂ ಅಳದವಳು ಅಂದು ಗೋಡೆಗೆ ಹಣೆಯಿಟ್ಟು ಅತ್ತಳು.

ಭಾನುವಾರ ಹತ್ತು ಗಂಟೆಗೆ ವಂಶಿಕೃಷ್ಣ ಹಿತ್ತಿಲ ಬಾಗಿಲಿಗೇ ಟೆಂಪೋ ತಂದ. ಹಿಂದೆಯೇ ಅಮರನಾಥನ ಲಗೇಜ್ ಆಟೋ ಬಂತು. ಹಣೆಯಲ್ಲಿ ನಾಲ್ಕು ಹೊಲಿಗೆ, ಒಂದು ಕಣ್ಣು ಊದಿ ಮುಚ್ಚಿತ್ತು. ಹೊಸ ಮಷೀನನ್ನು ಹಿತ್ತಿಲ ನಡುವೆ ಇಟ್ಟ. ಹಳೆಯದನ್ನು ಒಗೆಯುವ ಕಲ್ಲಿನ ಪಕ್ಕ ನಿಲ್ಲಿಸಿದ. ಅಣ್ಣ ಚಿಲಕ ತೆಗೆದು ಹೊರಗೆ ಕರೆತಂದಿದ್ದ ಸುನಂದ ಅಮರನಾಥನ ಮುಖ ನೋಡಲಿಲ್ಲ.

"ಚಲೋ, ಹತ್ತಿಸು," ಎಂದು ವಂಶಿಕೃಷ್ಣ ಉಸಿರು ಕಟ್ಟಿ ಮಷೀನನ್ನು ತಬ್ಬಿ ಎತ್ತಿದ. ಭಾರವೆಂದುಕೊಂಡದ್ದು ಬುಟ್ಟಿಯಷ್ಟು ಹಗುರ. ಹಿಂದಕ್ಕೆ ಮುಗ್ಗರಿಸಿ ಟೆಂಪೋಗೆ ಬೆನ್ನು ಬಡಿದುಕೊಂಡ. ಮಷೀನು ಅಡ್ಡಬಿತ್ತು, ಮುಚ್ಚಳ ತೆರೆದುಕೊಂಡಿತು.

ಒಳಗೆ ಏನೂ ಇರಲಿಲ್ಲ. ತೊಟ್ಟಿ, ಮೋಟಾರು, ಒಂದು ತಂತಿ ಕೂಡ ಇಲ್ಲ.

ಆಗ ಸುನಂದ ಅಮರನಾಥನ ಮುಖ ನೋಡಿದಳು... 'ಸೋತಿರಲಿಲ್ಲ ಇವನು.'

"ಮೊದಲಿನ ಹಂಗೇ ತರ್ತೀನಿ ಅಂದಿದ್ಯಲ್ಲೋ," ನರಸಿಂಹಪ್ಪ ಗುಡುಗಿದ.

"ಮೇಲೆ ಮೊದಲಿನ ಹಂಗೇ ಇದೆ," ಎಂದು ಅಮರನಾಥ್ ಸುನಂದಳ ಕಡೆ ಕೈ ತೋರಿದ. "ಒಳಗಿಂದು ಇವರು ಬಿಚ್ಚಿದ್ದಾರೆ. ಮತ್ತೆ ಕಟ್ಟು ಅಂತ ಇವರು ನಂಗೆ ಹೇಳಿಲ್ಲ."

ಹಳೆಯ ಮಷೀನಿನ ಪ್ಲಗ್ ಚುಚ್ಚಿದ. ಆರು ವರ್ಷದ ಮೇಲೆ ಅಪ್ಪನ ರೋಲರ್ ಗುಂಯ್ ಎಂದು ತಿರುಗತೊಡಗಿತು.

ವಂಶಿಕೃಷ್ಣ ಬೆಲ್ಟ್ ಬಿಚ್ಚಿದ. ಬಕ್ಕಲ್ ಕಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮೊದಲ ಏಟು ಅಮರನಾಥನ ಬೆನ್ನಿಗೆ ಬಿಟ್ಟ. ಅಂಗಿ ಹರಿದು ಕೆಂಪಾಯಿತು. ಎರಡನೆಯದು ಕುತ್ತಿಗೆಗೆ ಬಿತ್ತು. ಮೂರನೆಯದಕ್ಕೆ ಸುನಂದಳ ಕಡೆ ತಿರುಗಿದ.

"ಏಮೇ... ಮನೆ ಮುರೀತೀಯಾ?"

ಅವಳು ಓಡಲಿಲ್ಲ. ಹಳೆಯ ಮಷೀನಿಗೆ ಬೆನ್ನು ಕೊಟ್ಟು ನಿಂತಿದ್ದವಳು, ಬೆಲ್ಟ್ ಬೀಸಿದಾಗ ಸರ್ರನೆ ಪಕ್ಕಕ್ಕೆ ಸರಿದಳು. ಬೆಲ್ಟಿನ ತುದಿ ರೋಲರ್ ಮೇಲೆ ಬಿತ್ತು. ರೋಲರ್ ಅದನ್ನು ಒಳಗೆಳೆಯಿತು. ಬೆಲ್ಟಿನ ಹಿಂದೆ ಮುಷ್ಟಿಯೂ ಹೋಯಿತು, ಬೆರಳುಗಳು ನುರಿದವು. ಅವನ ಕೂಗಿಗೆ ಬೀದಿಯೆಲ್ಲ ಬಾಗಿಲಿಗೆ ಬಂತು.

ಅಮರನಾಥನ ಕೈ ಪ್ಲಗ್ ಪಕ್ಕದಲ್ಲೇ ಇತ್ತು. ಅವನು ಸುನಂದಳನ್ನು ನೋಡಿದ, ಕೈ ಅಲುಗಿಸಲಿಲ್ಲ.

"ಸಂಬಂಧ ಕಡೀತು ಅಂತ ಹೇಳು," ಎಂದಳು ಸುನಂದ. ಅವಳ ದನಿ ನಡುಗಲಿಲ್ಲ. "ಎಲ್ಲರ ಮುಂದೆ."

"ಕಡೀತು... ಕಡೀತು ಕಣೇ, ಬಿಡಿಸು..."

ಇನ್ನೊಂದು ಕ್ಷಣ ನಿಂತಳು. ಎರಡು ವರ್ಷದ ಏಟುಗಳು ಆ ಒಂದು ಕ್ಷಣದಲ್ಲಿ ಅವಳ ಕಣ್ಣ ಮುಂದೆ ಬಂದವು. ಆಮೇಲೆ ಮುಷ್ಟಿ ಕಟ್ಟಿ ಕೆಂಪು ಪಟ್ಟಿಗೆ ಗುದ್ದಿದಳು. ರೋಲರ್ ಬಿಟ್ಟುಕೊಂಡಿತು. ಅಪ್ಪ ಕಲಿಸಿದ್ದು ಬಿಡಿಸುವುದನ್ನು, ಅವಳಿಂದ ಬೇರೆ ಮಾಡಲಾಗಲಿಲ್ಲ.

ನರಸಿಂಹಪ್ಪ ನೆಲದ ಮೇಲಿನ ಬೆಲ್ಟನ್ನು ನೋಡುತ್ತಾ ನಿಂತಿದ್ದ.

"ಬಚ್ಚಲಲ್ಲಿ ಜಾರಿದ್ಳು ಅಂದ್ರಲ್ಲ ಭಾವ..." ಎಂದ. ಆಮೇಲೆ ಅವನ ಕೊರಳಪಟ್ಟಿ ಹಿಡಿದು ಟೆಂಪೋದವರೆಗೆ ದರದರ ಎಳೆದುಕೊಂಡು ಹೋಗಿ ಒಳಗೆ ತಳ್ಳಿದ. ಖಾಲಿ ತಗಡಿನ ಡಬ್ಬವನ್ನೂ ಅವನ ಮೇಲೆ ಎಸೆದ. ತಿರುಗಿ ಬಂದವನಿಗೆ ತಂಗಿಯ ಮುಖ ನೋಡಲಾಗಲಿಲ್ಲ. ಹೊಸಿಲ ಮೇಲೆ ಕುಸಿದು ಕೂತ. ಅವನ ಪಕ್ಕ ಹೋಗಿ ಕೂರಲು ಸುನಂದಳಿಗೆ ಅಂದು ಮನಸ್ಸಾಗಲಿಲ್ಲ.

ಅವಳು ಹಳೆಯ ಮಷೀನಿನ ಬಳಿಗೆ ಬಂದಳು. ಅಮರನಾಥ್ ಕಲ್ಲಿನ ಮೇಲೆ ಕೂತು ಅದರ ಬೆಲ್ಟ್ ಸರಿಯಾಗಿದೆಯೇ ಎಂದು ನೋಡುತ್ತಿದ್ದ, ತನ್ನ ಬೆನ್ನಿನ ಗಾಯವನ್ನಲ್ಲ.

"ತಗ್ಗು ಯಾಕೆ ಅಳಿಸಿದ್ರಿ? ನಿನ್ನೆಯೆಲ್ಲ ನಿಮ್ಮನ್ನ ಬೈಕೊಂಡೆ."

"ಅದನ್ನ ನೋಡಿಕೊಂಡು ಕೆಲಸ ಮಾಡಕ್ಕಾಗ್ತಿರ್ಲಿಲ್ಲ. ಒಂದಿಡೀ ದಿನ ಸುತ್ತಿಗೆ ಹೊಡೆದೆ... ಅವನಿಗೇ ಹೊಡೆದಂಗೆ."

ಅವಳು ಕಿವಿಯ ಮೇಲಿನ ಕೂದಲು ಸರಿಸಿದಳು.

"ಇದನ್ನ ನೆಟ್ಟಗೆ ಮಾಡಕ್ಕಾಗಲ್ಲ."

"ಮಾಡೋದು ಬೇಡ. ನನ್ನ ಹಣೇಲೂ ಒಂದಾಯ್ತಲ್ಲ. ನಾನೇನು ಮುಚ್ಕೊಂಡು ಓಡಾಡಲ್ಲ... ನೀವೂ ಮುಚ್ಕೋಬೇಡಿ."

ಅವಳ ಕಣ್ಣು ತುಂಬಿತು. ಬಿಂದಿಗೆ ಎತ್ತಿ ತೊಟ್ಟಿಗೆ ತಣ್ಣೀರು ಸುರಿಯತೊಡಗಿದಳು.

"ಅಂಗಿ ಬಿಚ್ಚಿ ಕೊಡಿ. ರಕ್ತ ಒಣಗಿದ್ರೆ ಹೋಗಲ್ಲ. ಮೊದಲನೇ ಬಟ್ಟೆ ನಿಮ್ದೇ."

"ಬರೀ ಮೈಯಲ್ಲಿ ಬಸ್ ಸ್ಟ್ಯಾಂಡ್‌ವರೆಗೂ ಹೆಂಗೆ ಹೋಗ್ಲಿ?"

"ಒಣಗೋವರೆಗೂ ಇಲ್ಲೇ ಕೂತ್ಕೊಳ್ಳಿ."

"ಒಣಗಿದ ಮೇಲೆ?"

ಮಷೀನು ಒಂದೇ ಕಡೆಗೆ, ನಿಧಾನವಾಗಿ ತಿರುಗುತ್ತಿತ್ತು. ಅದರ ಸದ್ದಿಗೆ ಅವಳಿಗೆ ಭಯವಾಗಲಿಲ್ಲ.

"ಒಣಗಿದ ಮೇಲೂ," ಎಂದಳು ಸುನಂದ.