ಕಾಗದದ ಮೇಲಿನ ನೇರಳೆ ಕಲೆ

"ಇದು ಲ್ಯಾಬ್ ಕಣ್ರೀ... ಸಂತೆ ಅಲ್ಲ!"

ಮಾಲವಿಕಾಳ ಮೂಗಿನ ತುದಿಯಲ್ಲೇ ಸಿಟ್ಟಿತ್ತು. ಬಾಗಿಲಲ್ಲಿ ನಿಂತವನ ಪ್ಯಾಂಟಿಗೆ ಮೊಣಕಾಲಿನ ತನಕ ಕೆಸರು. ಕೈಯಲ್ಲೊಂದು ಗೊಬ್ಬರದ ಚೀಲ, ಅದರ ತುಂಬ ಒಂದೆಲಗದ ಸೊಪ್ಪು.

"ನಾನು ಸುದೀಪ. ಬಾಟನಿಗೆ ಹೊಸದಾಗಿ ಸೇರಿದ್ದು. ನಿಮಗೆ ಒಂದೆಲಗ ತಂದುಕೊಡಿ ಅಂತ ಪ್ರಿನ್ಸಿಪಾಲರು ಹೇಳಿದ್ರು. ಜಾವಳಿ ಹತ್ರ ಗದ್ದೆ ಬದುವಲ್ಲಿ ಚೆನ್ನಾಗಿ ಬಂದಿತ್ತು..."

"ಯೂರಿಯಾ ಚೀಲದಲ್ಲಿ ತಂದ ಸೊಪ್ಪಲ್ಲಿ ನಾನು ಅಮೈನೋ ಆಮ್ಲ ಹುಡುಕ್ಬೇಕಾ?"

"ತೊಳೆದ ಚೀಲ ಮೇಡಂ. ನಿಮ್ಮ ಬಾಯಿಗಿಂತ ಚೊಕ್ಕ ಇದೆ."

ಎಷ್ಟು ಕೊಬ್ಬು! ಅವಳು ಚೀಲ ಕಿತ್ತುಕೊಂಡು ಬಾಗಿಲು ಹಾಕಿದಳು.

ಅದು 1998ರ ಜೂನ್. ಮೂಡಿಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಮಾಲವಿಕಾ ಕೆಮಿಸ್ಟ್ರಿ ಕಲಿಸುತ್ತಿದ್ದಳು. ಒಂದೆಲಗದಲ್ಲಿ ಯಾವ ಯಾವ ಅಮೈನೋ ಆಮ್ಲಗಳಿವೆ ಎಂಬುದೇ ಅವಳ ಎಂ.ಫಿಲ್. ವಿಷಯ. ಬುದ್ಧಿ ಚುರುಕಾಗಲಿ ಎಂದು ಮಲೆನಾಡಿನ ಅಮ್ಮಂದಿರು ತಂಬುಳಿ ಮಾಡಿ ಮಕ್ಕಳಿಗೆ ಕುಡಿಸುವ ಸೊಪ್ಪದು. ಮಾಲವಿಕಾಳೂ ಲೋಟಗಟ್ಟಲೆ ಕುಡಿದು ಬೆಳೆದವಳೇ. ಬುದ್ಧಿ ಬಂದಿತ್ತು, ಸುಳ್ಳಲ್ಲ. ಆದರೆ ಈ ಸೊಕ್ಕು ಎಲ್ಲಿಂದ ಬಂತೋ, ಅದಂತೂ ಯಾವ ಸೊಪ್ಪಿನಲ್ಲೂ ಇರಲಿಕ್ಕಿಲ್ಲ!

ಅವಳ ಕೆಲಸ ಹೀಗಿತ್ತು. ಸೊಪ್ಪಿನ ರಸದ ಒಂದು ಹನಿಯನ್ನು ಬಿಳಿ ಕಾಗದದ ಅಂಚಿಗೆ ಇಟ್ಟು, ಕಾಗದವನ್ನು ದ್ರಾವಣದ ಜಾಡಿಯಲ್ಲಿ ನಿಲ್ಲಿಸಬೇಕು. ದ್ರಾವಣ ಮೇಲೇರುತ್ತ ಒಂದೊಂದು ಅಮೈನೋ ಆಮ್ಲವನ್ನು ಒಂದೊಂದು ಎತ್ತರಕ್ಕೆ ಒಯ್ಯುತ್ತದೆ. ಆಮೇಲೆ ಕಾಗದ ಒಣಗಿಸಿ, ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಸಿಂಪಡಿಸಿ ಕಾಯಿಸಿದರೆ ಅಮೈನೋ ಆಮ್ಲ ಇದ್ದಲ್ಲೆಲ್ಲ ನೇರಳೆ ಕಲೆಗಳು ಏಳುತ್ತವೆ.

ಬೇಸಿಗೆಯಲ್ಲಿ ಕಾಗದವನ್ನು ದಾರಕ್ಕೆ ನೇತುಹಾಕಿದರೆ ಸಾಕಿತ್ತು, ತಾನೇ ಒಣಗುತ್ತಿತ್ತು. ಮಳೆ ಹಿಡಿದ ಮೇಲೆ ಮೂಡಿಗೆರೆಯಲ್ಲಿ ಒಣಗುವ ವಸ್ತು ಯಾವುದಿದೆ? ಒದ್ದೆ ಕಾಲುಚೀಲವನ್ನು ಒಲೆಗೆ ಹಿಡಿಯುವ ಹಾಗೆ, ಅವಳು ಕಾಗದವನ್ನೂ ಕೈಯಲ್ಲಿ ಹಿಡಿದು ಕರೆಂಟ್ ಒಲೆಯ ಮೇಲೆ ಒಣಗಿಸುತ್ತಿದ್ದಳು.

ಆ ಜೂನ್‌ನಿಂದಲೇ ಕಾಗದದ ನಡುವೆ ಒಂದು ಹೊಸ ಕಲೆ ಕಾಣಿಸಿಕೊಂಡಿತು! ಯಾವ ಅಮೈನೋ ಆಮ್ಲಕ್ಕೂ ಹೊಂದದ ಕಲೆ. ಜೂನ್‌ನಿಂದಲೇ ಸೊಪ್ಪು ತರುತ್ತಿದ್ದವನು ಸುದೀಪ. ಮಾಲವಿಕಾಳಿಗೆ ಅಷ್ಟೇ ಸಾಕಾಯಿತು.

"ಯಾವ ಕಳೆ ಬೆರೆಸಿ ತರ್ತೀರಿ? ನಿಮ್ಮ ಸೊಪ್ಪು ತಂಬುಳಿಗಷ್ಟೇ ಲಾಯಕ್ಕು!"

"ಹಾಗಾದ್ರೆ ತಂಬುಳಿನೇ ಮಾಡ್ಕೊಂಡು ಬನ್ನಿ ಮಾರಾಯ್ರೇ. ನಿಮ್ಮ ಕೈಯಿಂದ ಒಂದಾದ್ರೂ ಒಳ್ಳೇದು ಆಗ್ಲಿ."

ಅವನ ಬಾಯಿ ಮುಚ್ಚಿಸಲೆಂದೇ ಅವಳು ಮರುದಿನ ತಂಬುಳಿ ತಂದಳು. ಸುದೀಪ ಟಿಫಿನ್ ಡಬ್ಬಿ ಬೆರಳಲ್ಲಿ ಬಳಿದು ತಿಂದ. "ಉಪ್ಪು ಕಮ್ಮಿ," ಅಂದ. ಛೀ, ಒಂದು ಒಳ್ಳೆ ಮಾತು ಗೊತ್ತಿಲ್ಲ ಇವನಿಗೆ! ಅಂದುಕೊಂಡವಳು, ಮರುವಾರ ಉಪ್ಪು ಸರಿಯಾಗಿ ಹಾಕಿ ತಂದಳು. ಅವನು ಬರುವ ಕಳಸದ ಬಸ್ಸು ತಡವಾದರೆ ಕಿಟಕಿಯತ್ತ ನೋಡುತ್ತಿದ್ದಳು. ಯಾಕೆಂದು ಕೇಳಿದ್ದರೆ, ಬೈಯುವುದಿತ್ತು ಎನ್ನುತ್ತಿದ್ದಳು.

ಆದರೆ ಕಲೆ ಹೋಗಲಿಲ್ಲ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂತು. ತಲೆಕೆಟ್ಟ ಅವಳು ಪ್ರಿನ್ಸಿಪಾಲ್ ಯಜ್ಞನಾರಾಯಣರ ಕೋಣೆಗೆ ನುಗ್ಗಿದಳು.

"ಸರ್, ಅವರಿಗೆ ಒಂದೆಲಗ ಯಾವುದು, ಕಳೆ ಯಾವುದು ಅಂತಾನೇ ಗೊತ್ತಿಲ್ಲ!"

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಅವರದ್ದು ಟೆಂಪರರಿ ಕೆಲಸ ಅಮ್ಮಾ. ಮುಂದುವರಿಸ್ಬೇಕೋ ಬೇಡ್ವೋ ಅಂತ ನಾಳೆ ಕಮಿಟಿ ಕೂರುತ್ತೆ. ಗಿಡ ಗೊತ್ತಿಲ್ಲದ ಬಾಟನಿ ಮೇಷ್ಟ್ರನ್ನ ಹೇಗೆ ಇಟ್ಕೊಳ್ಳೋದು?"

ಮಾತು ಇಷ್ಟು ದೂರ ಹೋಗುತ್ತದೆಂದು ಅವಳು ಎಣಿಸಿರಲಿಲ್ಲ. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ಸುದೀಪ ಲ್ಯಾಬಿಗೆ ಬಂದ. ಮುಖದಲ್ಲಿ ಎಂದಿನ ನಗುವಿರಲಿಲ್ಲ.

"ನನ್ನ ಚೀಲಕ್ಕೆ ಬೈದ್ರಿ, ಸೊಪ್ಪಿಗೆ ಬೈದ್ರಿ... ನಗ್ತಾ ಇದ್ದೆ. ಕೆಲಸಕ್ಕೇ ಕಲ್ಲು ಹಾಕ್ತೀರಿ ಅಂತ ಗೊತ್ತಿರ್ಲಿಲ್ಲ. ಸೊಪ್ಪಿನ ರಸಾನೇ ಇಡದೆ ಒಂದು ಕಾಗದ ಮಾಡಿ ನೋಡಿದ್ದೀರಾ?"

"ರಸ ಇಡದಿದ್ರೆ ಏನು ಬರುತ್ತೆ? ನಿಮ್ಮ ತಲೆ!"

"ಬಂದ್ರೆ ಹೇಳಿ." ಅವನು ತಿರುಗಿ ನೋಡದೆ ಹೊರಟುಹೋದ.

ನೋಡು, ನಿನ್ನ ಬಾಯಿ ಹೇಗೆ ಮುಚ್ಚಿಸ್ತೀನಿ! ಹಲ್ಲು ಕಡಿಯುತ್ತ ಅವಳು ರಸವಿಲ್ಲದ ಖಾಲಿ ಕಾಗದ ತೆಗೆದುಕೊಂಡಳು. ಜಾಡಿಗೂ ಇಳಿಸುವ ತಾಳ್ಮೆಯಿಲ್ಲದೆ ಬರಿಗೈಯಲ್ಲಿ ಹಿಡಿದು ನಿನ್‌ಹೈಡ್ರಿನ್ ಸಿಂಪಡಿಸಿ, ಒಲೆಯ ಮೇಲೆ ಹಿಡಿದಳು.

ಕಾಗದದ ನಡುವೆ ನಿಧಾನವಾಗಿ ನೇರಳೆ ಕಲೆ ಎದ್ದಿತು.

ಇದುವರೆಗೆ ಒದ್ದೆ ಕಾಗದದಲ್ಲಿ ಕದಡಿ ಕಾಣುತ್ತಿದ್ದ ಕಲೆ, ಒಣ ಕಾಗದದಲ್ಲಿ ಗೆರೆಗೆರೆಯಾಗಿ ಮೂಡಿತ್ತು. ಹೆಬ್ಬೆರಳು! ನಡುವೆ ಅಡ್ಡಕ್ಕೊಂದು ಬಿಳಿ ಗೀಟು. ಚಿಕ್ಕಂದಿನಲ್ಲಿ ಈಳಿಗೆಮಣೆಯಲ್ಲಿ ಹಲಸಿನಕಾಯಿ ಹೆಚ್ಚುವಾಗ ಆದ ಗಾಯದ ಗುರುತು. ಅವಳದೇ ಬೆರಳು... ಬೆವರಿನಲ್ಲೂ ಅಮೈನೋ ಆಮ್ಲವಿರುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಹೇಳುವವಳ ಬೆರಳು!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾತಾಯಿ ನೆಲ ಅಂದಿದ್ದರೂ ಆಗುತ್ತಿತ್ತು, ಪಕ್ಕದಲ್ಲಿ ನಿಂತವನ ಕಾಲೇ ಡೊಂಕು ಅಂದುಬಿಟ್ಟಿದ್ದಳು.

ಒಲೆ ಎದುರಿಗೇ ಉರಿಯುತ್ತಿತ್ತು. ಸುಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮಳೆಗಾಲದ ಅಷ್ಟೂ ಕೆಲಸ ಮತ್ತೆ ಮಾಡಬೇಕು, ಊರೆಲ್ಲ ನಗುತ್ತದೆ. ಹೇಳದಿದ್ದರೆ... ಅವನು ಬರುವುದಿಲ್ಲ. ಕೆಸರಿನ ಪ್ಯಾಂಟು ಬರುವುದಿಲ್ಲ, "ಉಪ್ಪು ಕಮ್ಮಿ" ಎನ್ನುವವರು ಇರುವುದಿಲ್ಲ.

ಅಯ್ಯೋ ದೇವರೇ... ಇವನನ್ನಾ ನಾನು ಪ್ರೀತಿಸಿದ್ದು?!

ಹಿತ್ತಲ ಗಿಡ ಮದ್ದಲ್ಲ ಎಂದು ತಿಳಿದಿದ್ದವಳು ಅಲ್ಲೇ ಕುಳಿತು ಅತ್ತಳು.

ಮರುದಿನ ಕಮಿಟಿಯ ಮೇಜಿನ ಮೇಲೆ ಅವಳು ಆ ಕಾಗದ ಇಟ್ಟಳು. ಮೂಲೆಯ ಕುರ್ಚಿಯಲ್ಲಿ ಸುದೀಪ ತಲೆ ತಗ್ಗಿಸಿ ಕುಳಿತಿದ್ದ.

"ಸರ್, ಅವರು ತಂದಿದ್ದು ಅಪ್ಪಟ ಒಂದೆಲಗ. ಈ ಕಲೆ ನನ್ನ ಬೆರಳಿಂದು. ಗಿಡ ಗೊತ್ತಿಲ್ಲದೆ ಇದ್ದಿದ್ದು ಅವರಿಗಲ್ಲ... ನನಗೇ ನನ್ನ ಕೈ ಗೊತ್ತಿರ್ಲಿಲ್ಲ."

ಒಬ್ಬರು ಕಿಸಕ್ಕೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು, ಆದರೂ ತಲೆ ತಗ್ಗಿಸಲಿಲ್ಲ. ಸುದೀಪ ಈಗ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಕೆಲಸ ಉಳಿಯಿತು.

ಮಧ್ಯಾಹ್ನ ಅವನು ಲ್ಯಾಬಿನ ಬಾಗಿಲಿಗೆ ಬಂದಾಗ ಅವಳು ಹೊಸ ಚಿಮುಟದಲ್ಲಿ ಕಾಗದ ಹಿಡಿದು ಒಲೆಯ ಮುಂದೆ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

"ಸೊಪ್ಪು ತಂದಿದ್ದೀನಿ. ಎಲ್ಲಾ ಮೊದಲಿಂದ ಮಾಡ್ಬೇಕಲ್ಲ?"

"ಅದೇ ಗೊಬ್ಬರದ ಚೀಲದಲ್ಲಾ?"

"ಅದರಲ್ಲೇ."

"ನಿಮಗೆ ಯಾವತ್ತೂ ಬುದ್ಧಿ ಬರಲ್ಲ..." ಅವಳು ಒಲೆಯಿಂದ ಅವನತ್ತ ತಿರುಗಿದಳು. "ಕ್ಷಮಿಸ್ತೀರಾ ಸುದೀಪ್? ನೀವು ಬರದೇ ಇದ್ರೆ ನಾನು... ನನಗೆ ನೀವು ಬೇಕು ಕಣ್ರೀ!"

ಅವನು ಚೀಲ ಕೆಳಗಿಟ್ಟ. ಹತ್ತಿರ ಬಂದು, ಮಣ್ಣು ಮೆತ್ತಿದ ಬಲಗೈಯನ್ನು ಅವಳ ಮುಂದೆ ಚಾಚಿದ.

"ಇದನ್ನೂ ಚಿಮುಟದಲ್ಲೇ ಹಿಡೀತೀರಾ ಮೇಡಂ?"

ಮಾಲವಿಕಾ ಚಿಮುಟ ಕೆಳಗಿಟ್ಟಳು.