ಸಿಂಪಡಿಸದ ಸಾಲು

ಸೋಮವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಪೆನ್ನು ಕೆಳಗಿಟ್ಟ. ಬೀಜ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ಐವತ್ತನಾಲ್ಕು ಸಾಸಿವೆ ಗಿಡಗಳನ್ನು ಯಾರೋ ವಿಷ ಹೊಡೆದು ಕೊಂದಿದ್ದರು.

“ಸಾಸಿವೇಗೆ ಎಫ್‌ಐಆರ್ರಾ ಸಾರ್?”

“ಒಂಬತ್ತು ವರ್ಷದ ಕೆಲಸ ಅಂತಿದಾರೆ. ಬರಿ,” ಎಂದರು ಇನ್ಸ್‌ಪೆಕ್ಟರ್.

ಒಂಬತ್ತೂವರೆಗೆ ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಸುಟ್ಟ ಕಾಗದದಂತೆ ಮುದುಡಿದ್ದ ಗಿಡಗಳ ಮುಂದೆ ತಳಿ ವಿಜ್ಞಾನಿ ಕೈಕಟ್ಟಿ ನಿಂತಿದ್ದರು. ಹೊಲದ ಕಳೆನಾಶಕಕ್ಕೆ ಸಾಯದ ಒಂದು ಕಾಡು ಸಾಸಿವೆಯಿಂದ ಆ ಶಕ್ತಿಯನ್ನು ಊರ ಸಾಸಿವೆಗೆ ಇಳಿಸುವುದು ಅವರ ಕೆಲಸ.

“ಸಾಯಲ್ಲ ಅಂದ್ರಿ. ಸತ್ತಿವೆಯಲ್ಲ ಮೇಡಂ?”

“ಆ ಒಂದು ಔಷಧಿಗೆ ಮಾತ್ರ ಸಾಯಲ್ಲ. ಇದು ಬೇರೆ. ಗೊತ್ತಿರೋರೇ ಹೊಡೆದಿದಾರೆ.”

ಇನ್ಸ್‌ಪೆಕ್ಟರ್ ಕೊನೆಯ ಸಾಲಿನ ಬಳಿ ಬಗ್ಗಿದರು. ಅಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಆರು ಗಿಡಗಳು ಹಸಿರಾಗಿಯೇ ಇದ್ದವು. ಮೂಲೆಯಲ್ಲಿದ್ದ ಪಂಪಿನಲ್ಲಿ ಇನ್ನೂ ಅರ್ಧ ಔಷಧಿ ಉಳಿದಿತ್ತು.

“ಇವನ್ಯಾಕೆ ಬಿಟ್ಟ?”

“ಔಷಧಿ ಪರೀಕ್ಷೆ ಮಾಡೋವಾಗ ಒಂದು ಸಾಲು ಮುಚ್ಚಿ ಬಿಡ್ತೀವಿ, ಹೋಲಿಸಿ ನೋಡೋಕೆ. ಆದರೆ ಇದು...”

“ಸಿಂಪಡಿಸೋದು ಯಾರು ಮೇಡಂ?”

ಅವರು ನೆಲ ನೋಡಿದರು. “ಚಿಮಟಣ್ಣ.”

ಹೂವಿನ ಪರಾಗ ತೆಗೆಯುವ ಚಿಮಟವನ್ನು ಸದಾ ಜೇಬಿನಲ್ಲೇ ಇಟ್ಟುಕೊಳ್ಳುವ ಹಿರಿಯ ಸಹಾಯಕನಿಗೆ ಕೇಂದ್ರದವರು ಇಟ್ಟ ಹೆಸರದು. ಶನಿವಾರ ಸಂಜೆ ಐದು ಐವತ್ತಕ್ಕೆ ಬೀಗದ ಕೈ ಮರಳಿಸಿದ ಸಹಿಯೂ ಅವನದೇ.

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ಅವನ ವಿಚಾರಣೆ.

“ಶನಿವಾರ ಒಳಗೆ ಎಷ್ಟೊತ್ತಿದ್ರಿ?”

“ಅರ್ಧ ಗಂಟೆ.”

“ಕೊಲ್ಲೋಕೆ ಹೋದೋರು ಒಂದು ಸಾಲು ಯಾಕೆ ಬಿಟ್ರಿ?”

ಅವನು ತಲೆ ಎತ್ತಿದ. “ಬಿಟ್ಟಿದೀನಾ ಸಾರ್?”

ಅವನು ತನ್ನ ಕೈಗಳನ್ನು ಮಗುಚಿ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ.

“ಆರು ಗಿಡ ಬೀಜಕ್ಕೆ ಸಾಕಂತೆ,” ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಹೇಳಿದ. “ಒಂದು ವರ್ಷ ತಡ ಆಗುತ್ತಂತೆ, ಅಷ್ಟೇ.”

ಆಮೇಲೆ ಹೇಳಿಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ರೈಲು ಹಳಿಯ ಪಕ್ಕ, ಔಷಧಿ ಹೊಡೆದ ಕಳೆಗಳೆಲ್ಲ ಒಣಗಿದ ಕಡೆ ಒಂಟಿಯಾಗಿ ಹೂ ಬಿಟ್ಟಿದ್ದ ಕಾಡು ಸಾಸಿವೆಯನ್ನು ಕಿತ್ತು ತಂದವನು ಅವನೇ. ಒಂಬತ್ತು ವರ್ಷ ಅದರ ಪರಾಗವನ್ನು ಹೂವಿನಿಂದ ಹೂವಿಗೆ ದಾಟಿಸಿದ್ದೂ ಅವನೇ. ಹೋದ ತಿಂಗಳು ಪ್ರಯೋಗದ ಹೊಲದಲ್ಲಿ ಕಳೆಯೆಲ್ಲ ಸತ್ತು ಬೆಳೆ ಮಾತ್ರ ನಿಂತಿದ್ದನ್ನು ಅವನ ಅಕ್ಕ ಬದುವಿನ ಮೇಲೆ ನಿಂತು ನೋಡಿದ್ದಳು. ಕೂಲಿಗೆ ಕಳೆ ಕಿತ್ತೇ ತಮ್ಮನನ್ನು ಓದಿಸಿದವಳು. ಬೈಯಲಿಲ್ಲ, “ಚೆನ್ನಾಗಿದೆ ಕಣೋ. ನಾವಿನ್ನು ಎಲ್ಲಿ ಬಗ್ಗೋಣ?” ಎಂದಷ್ಟೇ ಕೇಳಿದ್ದಳು.

ನಾಲ್ಕು ಹತ್ತಕ್ಕೆ ಬಂಧನ ದಾಖಲಾಯಿತು. ಐದಕ್ಕೆ ಅಕ್ಕ ಬಂದಳು. ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು.

“ನನ್ನ ತಮ್ಮ ಯಾರಿಗಾದ್ರೂ ಹೊಡೆದ್ನಾ ಸಾರ್?”

“ಇಲ್ಲಮ್ಮ.”

“ಕದ್ನಾ?”

“ಇಲ್ಲ. ಸಾಸಿವೆ ಗಿಡ ಸಾಯಿಸಿದಾನೆ.”

ಆಕೆ ಇನ್ಸ್‌ಪೆಕ್ಟರರ ಮುಖವನ್ನೇ ನೋಡಿದಳು, ತಮಾಷೆಯೇನೋ ಎಂದು.

“ನಾನು ದಿನಕ್ಕೆ ಸಾವಿರ ಕಾಡು ಸಾಸಿವೆ ಕೀಳ್ತೀನಲ್ಲ ಸಾರ್. ನನ್ನನ್ಯಾಕೆ ಹಿಡಿದಿಲ್ಲ?”

ಅವರು ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ.